ಸ್ಕ್ರೀನಿಗೂ ಒಂದು ಕಾಟಾ ಬೇಕು

ಪೋಸ್ಟ್ 1

ಮೊನ್ನಿನ ಸ್ಟೋರಿ ನೋಡಿ ಹದಿನೇಳು ಮಂದಿ ಒಂದೇ ಪ್ರಶ್ನೆ ಕೇಳೀರಿ: "ಲೇ, ಮಾನಿಟರ್ ಮ್ಯಾಲ ಮೌಸ್ ಯಾಕ ಜೋತು ಬಿಟ್ಟಿ?"

ಅದು ಮೌಸ್ ಅಲ್ಲ ದೋಸ್ತ್. ಅದರ ಹೆಸರು ಕಲರಿಮೀಟರ್. ಸ್ಕ್ರೀನಿನಿಂದ ಹೊರಗ ಬರೋ ಬೆಳಕು ಎಷ್ಟು ಅದ, ಅದರಾಗ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ ಅಳೆಯೋ ಸಣ್ಣ ಯಂತ್ರ. ಯುಎಸ್‌ಬಿಗೆ ಚುಚ್ಚಿ, ಸ್ಕ್ರೀನಿನ ನಟ್ಟನಡುವ ಒರಗಿಸಿ ಬಿಟ್ರ ಸಾಕು. ವೈರಿನ ಮ್ಯಾಲ ಒಂದು ಸಣ್ಣ ತೂಕದ ಗುಂಡು ಇರ್ತದ, ಅದನ್ನ ಮಾನಿಟರ್ ಹಿಂದಕ್ಕ ಇಳಿಬಿಟ್ರ ಯಂತ್ರ ಜಾರಂಗಿಲ್ಲ. ಸ್ಟೋರಿಯೊಳಗ ನೀವು ನೋಡಿದ್ದು ಅದೇ.

"ಎಷ್ಟಕ್ಕ ತಂದಿ, ಯಾಕ ತಂದಿ, ಬಿಕಾಂ ಓದೋನಿಗೆ ಇದೇನು ಕೆಲಸ" ಇವೆಲ್ಲ ಒಂದೇ ಕ್ಯಾಪ್ಷನ್‌ದಾಗ ಹಿಡಿಯಂಗಿಲ್ಲ. ಏಳು ಪೋಸ್ಟ್ ಹಾಕ್ತೀನಿ. ಫೋಟೋ ಅಷ್ಟೇ ನೋಡಿ ಲೈಕ್ ಒತ್ತಿ ಹೋಗೋರು ಹೋಗ್ರಿ, ಸಿಟ್ಟಿಲ್ಲ. ಎಡಿಟಿಂಗ್ ಮಾಡೋರು, ಫೋಟೋ ತೆಗೆಯೋರು, ಮನಿಯಿಂದ ಸೀರಿ-ಡ್ರೆಸ್ ಮಾರೋ ಆಪಾಗಳು, ಅಕ್ಕಗಳು ಮಾತ್ರ ಪೂರಾ ಓದ್ರಿ.

ಹೊಸಬರಿಗೆ ನನ್ನ ಪರಿಚಯ ಇಷ್ಟೇ. ಹಗಲು ಕಾಲೇಜು, ರಾತ್ರಿ ಮದುವಿ ಆಲ್ಬಮ್ ಡಿಸೈನ್. ಮೋಮಿನಪುರದಾಗ ನಮ್ಮ ಮನಿ, ಕೆಳಗ ಅಬ್ಬಾನ ಟೇಲರಿಂಗ್ ಮಷಿನ್, ಮ್ಯಾಲಿನ ಖೋಲಿಯೊಳಗ ನನ್ನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಸ್ಟುಡಿಯೋದವರು ಪೆನ್‌ಡ್ರೈವಿನಾಗ ಫೋಟೋ ಕೊಡ್ತಾರ, ನಾ ಕಲರ್ ಸರಿಮಾಡಿ, ಶೀಟ್ ಜೋಡಿಸಿ ವಾಪಸ್ ಕೊಡ್ತೀನಿ. ಅವರು ಬ್ಯಾರೆ ಊರಿನ ಲ್ಯಾಬಿಗೆ ಕಳಸಿ ಪ್ರಿಂಟ್ ಮಾಡಿಸ್ತಾರ. ಶೀಟಿಗೆ ₹60. ನಲವತ್ತು ಶೀಟಿನ ಆಲ್ಬಮ್ ಆದ್ರ ₹2,400. ಕಾಲೇಜ್ ಫೀ ಮತ್ತು ನನ್ನ ಮೊಬೈಲ್ ರೀಚಾರ್ಜ್ ಇದರಾಗೇ ನಡೀತದ.

ಪೋಸ್ಟ್ 2

ಹೋದ ಮದುವಿ ಸೀಸನ್‌ದಾಗ ಒಂದು ಆಲ್ಬಮ್ ಲ್ಯಾಬಿನಿಂದ ಕಪ್ಪಾಗಿ ಬಂತು. ಪೂರಾ ಕಪ್ಪಲ್ಲ, ಆದ್ರ ಮಂಟಪದ ಫೋಟೋದಾಗ ಹಿಂದ ನಿಂತ ಮಂದಿ ಕಾಣಲಾರದಷ್ಟು. ಮದುಮಗಳ ಕಡೆಯವರು ಒಪ್ಪಲಿಲ್ಲ. ಸ್ಟುಡಿಯೋ ಮಾಲಕರು ನನಗ ಫೋನ್ ಹಚ್ಚಿದ್ರು: "ನಿನ್ನ ಸ್ಕ್ರೀನೇ ಸರಿ ಇಲ್ಲಪಾ." ಲ್ಯಾಬಿನವರು ಹೇಳಿದ್ರು: "ಫೈಲ್ ಹೆಂಗ ಬಂದದೋ ಹಂಗೇ ಪ್ರಿಂಟ್ ಹೊಡದೀವಿ." ನನ್ನ ಮಾನಿಟರಿನಾಗ ಅದೇ ಫೈಲ್ ಛಲೋ ಕಾಣ್ತಿತ್ತು. ಸ್ಟುಡಿಯೋದ ಮಾನಿಟರಿನಾಗ ಇನ್ನೂ ಬೆಳ್ಳಗ. ಮಾಲಕರ ಮೊಬೈಲಿನಾಗ ನೋಡಿದ್ರಂತೂ ಸಿನಿಮಾ ಪೋಸ್ಟರ್. ನಾಲ್ಕು ಕಡಿ ನಾಲ್ಕು ಬಣ್ಣ. ಯಾವುದು ಖರೇ?

ಯಾರಿಗೂ ಗೊತ್ತಿಲ್ಲ. ಆದ್ರ ಮತ್ತೆ ಪ್ರಿಂಟ್ ಮಾಡಿಸಲೇಬೇಕು, ಆ ಖರ್ಚು ಯಾರದಾದ್ರೂ ಲೆಕ್ಕಕ್ಕ ಹೋಗಲೇಬೇಕು. ನನ್ನ ಬಾಕಿಯಾಗ ₹3,000 ಮುರಕೊಂಡ್ರು.

ನಮ್ಮ ಕ್ಲಾಸಿನವರಿಗೆ ಇದು ಲಗೂನ ತಿಳೀತದ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಲಿಲ್ಲ ಅಂದ್ರ ಫರಕನ್ನ ಎಲ್ಲಿ ಹಾಕ್ತೀವಿ? ಸಸ್ಪೆನ್ಸ್ ಅಕೌಂಟಿಗೆ. ಆಲ್ಬಮ್ ಧಂದಾದಾಗ ಸಸ್ಪೆನ್ಸ್ ಅಕೌಂಟ್ ಅಂದ್ರ ಡಿಸೈನರ್ ಹುಡುಗ. ಫರಕು ಎಲ್ಲಿಂದ ಬಂತು ಅಂತ ಹುಡುಕೋ ತ್ರಾಸು ಯಾರೂ ತಗೊಳ್ಳಂಗಿಲ್ಲ.

ಆ ವಾರ ಕಾಲೇಜ್ ಮುಗಿಸಿ ಒಬ್ಬ ದೋಸ್ತ್ ಜೋಡಿ ಗಂಜಿಗೆ ಹೋಗಿದ್ದೆ. ಅವರ ಮನಿ ತೊಗರಿ ತಂದಿದ್ರು. ಅಲ್ಲಿ ನೋಡ್ರಿ, ಚೀಲ ಕಾಟಾದ ಮ್ಯಾಲ ಏರ್ತದ, ಅಂಕಿ ಬರ್ತದ, ರೈತ ನೋಡ್ತಾನ, ಅಡತಿಯವ ನೋಡ್ತಾನ, ಹಮಾಲ ನೋಡ್ತಾನ. ರೇಟಿನ ಬಗ್ಗೆ ಎಷ್ಟು ಜಗಳಾಡ್ತಾರೋ ಆಡ್ಲಿ, ತೂಕಕ್ಕ ಒಂದು ಅಂಕಿ ಅದ. ಆ ಕಾಟಾನ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅವಧಿಗೊಮ್ಮೆ ತಪಾಸಣೆ ಮಾಡಿ ಮುದ್ರೆ ಒತ್ತಬೇಕು, 2009ರ ಕಾಯ್ದೆನೇ ಅದ ಅದಕ್ಕ. ಕಾಟಾದ ಮ್ಯಾಲ ಸಂಶಯ ಬಂದ್ರ ಮುದ್ರೆ ಒತ್ತಿದ ಕಲ್ಲು ಇಟ್ಟು ನೋಡಬಹುದು.

ನಮ್ಮ ಕೆಲಸದಾಗ ಅಂಥ ಕಲ್ಲೇ ಇಲ್ಲ. ಇರೋದೆಲ್ಲ "ನನ್ನ ಸ್ಕ್ರೀನಿನಾಗ ಛಲೋ ಕಾಣ್ತದ" ಅನ್ನೋ ಮಾತು.

ಪೋಸ್ಟ್ 3

ಸ್ಕ್ರೀನ್ ಯಾಕ ಹಿಂಗ ಮಾಡ್ತದ ಅಂತ ಮೊದಲು ಹೇಳ್ತೀನಿ.

ಅಂಗಡಿಯಾಗ ಹತ್ತು ಮಾನಿಟರ್ ಸಾಲಾಗಿ ಇಟ್ಟಿರ್ತಾರ. ಯಾವುದು ಭಾಳ ಫಳಫಳ ಹೊಳೀತದೋ ಅದೇ ಮೊದಲು ಮಾರಾಟ ಆಗತದ. ಹಂಗಾಗಿ ಡಬ್ಬಿಯಿಂದ ತೆಗೆದಾಗ ಬ್ರೈಟ್‌ನೆಸ್ ಜಾಸ್ತಿ ಇರ್ತದ, ಬಿಳಿ ಬಣ್ಣ ನೀಲಿ ಕಡಿ ವಾಲಿರ್ತದ. ಬಟ್ಟಿಗೆ ನೀಲಿ ಹಾಕಿದಂಗ, ಸ್ವಲ್ಪ ನೀಲಿ ಸೇರಿದ ಬಿಳಿ ನಮ್ಮ ಕಣ್ಣಿಗೆ "ಭಾಳ ಬಿಳಿ" ಅನಸ್ತದ.

ಈಗ ಅಷ್ಟು ಬೆಳಕು ಉಗುಳೋ ಸ್ಕ್ರೀನಿನಾಗ ಒಂದು ಫೋಟೋ ಎಡಿಟ್ ಮಾಡ್ರಿ. ಕತ್ತಲಿನ ಭಾಗನೂ ಬೆಳ್ಳಗ ಕಾಣ್ತದ, ಅದಕ್ಕ ಫೋಟೋನ ಬೆಳಗಿಸೋಕೆ ಹೋಗಂಗಿಲ್ಲ. ಆದ್ರ ಕಾಗದಕ್ಕ ಸ್ವಂತ ಬೆಳಕಿಲ್ಲ, ಖೋಲಿಯಾಗ ಎಷ್ಟು ಬೆಳಕು ಅದನೋ ಅಷ್ಟೇ ಅದು ವಾಪಸ್ ಕೊಡ್ತದ. ಪ್ರಿಂಟ್ ಕಪ್ಪಾಗಿ ಕಾಣೋದಕ್ಕ ಬಹಳ ಸಲ ಕಾರಣ ಇದೇ. ಪ್ರಿಂಟಿಗಾಗಿ ಕೆಲಸ ಮಾಡೋರು ಸ್ಕ್ರೀನಿನ ಬಿಳಿಯನ್ನ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದೊಳಗ ಇಡ್ತಾರ. ಮನ್ಯಾಗಿನ ಮಾನಿಟರ್‌ಗಳು ಸುಮ್ಮನ ಬಿಟ್ರ ಇದರ ಎರಡು ಪಟ್ಟು, ಮೂರು ಪಟ್ಟು ಇರ್ತಾವ.

ಇನ್ನು ಬಿಳಿ ಅಂದ್ರ ಯಾವ ಬಿಳಿ? ಇದನ್ನ ನಮ್ಮ ಅಮ್ಮಿಗಿಂತ ಛಂದ ಯಾರೂ ಹೇಳಿಕೊಟ್ಟಿಲ್ಲ. ಸೂಪರ್ ಮಾರ್ಕೆಟ್ ಕಡಿ ಮ್ಯಾಚಿಂಗ್ ಸೆಂಟರಿಗೆ ಹೋದ್ರ ಅಮ್ಮಿ ಬ್ಲೌಸ್ ಪೀಸ್ ಮತ್ತು ಸೀರಿ ಎರಡನ್ನೂ ಹಿಡಕೊಂಡು ಅಂಗಡಿ ಹೊರಗ ಬಿಸಲಿಗೆ ಬರ್ತಾಳ. ಒಳಗ ಟ್ಯೂಬ್‌ಲೈಟಿನಾಗ ಅಣ್ಣ-ತಮ್ಮ ಇದ್ದಂಗ ಕಂಡ ಎರಡು ಬಣ್ಣ ಹೊರಗ ಬಂದ ಕೂಡ್ಲೇ ಬ್ಯಾರೆ ಆಗತಾವ. ಅಂಗಡಿಯವ "ಬೇಹೆನ್‌ಜಿ, ಒಳಗೇ ನೋಡ್ರಿ" ಅಂದ್ರೂ ಕೇಳಂಗಿಲ್ಲ. ಹಗಲಿನ ಬೆಳಕೇ ಅಮ್ಮಿಯ ಮುದ್ರೆ ಒತ್ತಿದ ಕಲ್ಲು.

ಬಣ್ಣದ ಅಳತಿ ಮಾಡೋರು ಮಾಡಿದ್ದೂ ಅದನ್ನೇ. ಬೆಳಕಿನ ವಿಷಯಕ್ಕ ಒಂದು ಅಂತರರಾಷ್ಟ್ರೀಯ ಆಯೋಗ ಅದ, ಸಿಐಇ ಅಂತಾರ. ಮನುಷ್ಯನ ಕಣ್ಣು ಬಣ್ಣವನ್ನ ಹೆಂಗ ನೋಡ್ತದ ಅಂತ 1931ರಾಗೇ ಅಂಕಿಯೊಳಗ ಹಿಡಿದಿಟ್ಟವರು ಅವರು. ಆಮ್ಯಾಲ ಮಧ್ಯಾಹ್ನದ ಹಗಲಿನ ಬೆಳಕಿಗೆ ಹತ್ತಿರದ ಒಂದು ಬಿಳಿಗೆ ಡಿ65 ಅಂತ ಹೆಸರಿಟ್ರು, ಸುಮಾರು 6500 ಕೆಲ್ವಿನ್. ಇವತ್ತು ನಿಮ್ಮ ಮೊಬೈಲಿನ ಫೋಟೋ, ವೆಬ್‌ಸೈಟ್, ಆಲ್ಬಮ್ ಲ್ಯಾಬ್ ಎಲ್ಲಾ ಬಳಸೋ ಎಸ್‌ಆರ್‌ಜಿಬಿ ಅನ್ನೋ ಪದ್ಧತಿಯ ಬಿಳಿ ಅದೇ ಡಿ65. ಕೆಲ್ವಿನ್ ಏರಿದಂಗ ನೀಲಿ, ಇಳಿದಂಗ ಹಳದಿ. ನನ್ನ ಮಾನಿಟರ್ ಅಳತಿ ಮಾಡಿದ್ರ 7400 ಬಂತು. ಸ್ಟುಡಿಯೋದ್ದು 8100.

ಕಣ್ಣಿಂದ ಸರಿಮಾಡಿದ್ರ ಆಗಂಗಿಲ್ಲೇನು ಅಂತ ಕೇಳಬ್ಯಾಡ್ರಿ. ವಿಂಡೋಸ್‌ದಾಗ ಹಂಗ ಮಾಡೋ ಒಂದು ಸೌಲಭ್ಯ ಅದ. ಆದ್ರ ಕಣ್ಣು ಭಾಳ ಹೊಂದಾಣಿಕಿ ಮನುಷ್ಯ. ಎರಡು ದಿನ ನೀಲಿ ಬಿಳಿ ನೋಡಿದ್ರ ಅದೇ ಬಿಳಿ ಅಂತದ, ನಾಲ್ಕನೇ ದಿನ ಹಳದಿ ಬಿಳಿ ತೋರ್ಸಿದ್ರ ಅದಕ್ಕೂ ಹೂಂ ಅಂತದ.

ಪೋಸ್ಟ್ 4

ಆಯ್ಕೆ ಮಾಡೋದು. ಈ ಪೋಸ್ಟ್ ಸೇವ್ ಮಾಡಿಟ್ಕೊಳ್ರಿ.

ಇದರಾಗ ಎರಡು ಜಾತಿ. ಸ್ಪೆಕ್ಟ್ರೋಫೋಟೋಮೀಟರ್ ಬೆಳಕನ್ನ ಕಾಮನಬಿಲ್ಲಿನಂಗ ಬಿಡಿಸಿ ಅಳೀತದ, ಸ್ಕ್ರೀನ್ ಅಷ್ಟೇ ಅಲ್ಲ ಕಾಗದದ ಬಣ್ಣನೂ ಓದ್ತದ. ಛಲೋ ದರ್ಜೆದ್ದು ಲಕ್ಷದ ಮಾತು, ಪ್ರಿಂಟಿಂಗ್ ಪ್ರೆಸ್‌ದವರಿಗೆ ಬೇಕು. ನಮ್ಮಂಥವರಿಗೆ ಅದು ಬ್ಯಾಡ. ಕಲರಿಮೀಟರ್ ಬಣ್ಣದ ಫಿಲ್ಟರುಗಳ ಮೂಲಕ ಕಣ್ಣಿನಂಗ ನೋಡ್ತದ. ಸ್ಕ್ರೀನಿಗೆ ಇದೇ ಸಾಕು, ಕತ್ತಲಿನ ಬಣ್ಣ ಅಳೆಯೋದ್ರಾಗ ಇದೇ ಎಷ್ಟೋ ಸಲ ಮುಂದ.

ಕಲರಿಮೀಟರಿನಾಗ ಸಾಮಾನ್ಯವಾಗಿ ಸಿಗೋದು ಎರಡು ಮನಿತನ. ಡೇಟಾಕಲರ್ ಕಂಪನಿಯ ಸ್ಪೈಡರ್ ಒಂದು. ಎಕ್ಸ್-ರೈಟ್ ಕಂಪನಿಯ ಐ1 ಡಿಸ್‌ಪ್ಲೇ ಪ್ರೊ ಇನ್ನೊಂದು. 2021ರಿಂದ ಈ ಎರಡನೇ ಮನಿತನದ ಯಂತ್ರಗಳು ಕ್ಯಾಲಿಬ್ರೈಟ್ ಹೆಸರಿನಾಗ ಬರ್ತಾವ. ಹೊಸದು ಕೇಳಿದ್ರ ನಾ ನೋಡಿದಾಗ ಹದಿನೈದು ಸಾವಿರದಿಂದ ಸುರು ಆಗಿ ಮ್ಯಾಲ ಮ್ಯಾಲ ಹೋಗ್ತಿತ್ತು. ನನ್ನ ಕಡಿ ಅಷ್ಟಿಲ್ಲ.

ಹಳೇದು ತಗೋಬೇಕಾದ್ರ ಒಂದು ಎಚ್ಚರ. ಭಾಳ ಹಳೇ ಕಾಲದ ಅಗ್ಗದ ಯಂತ್ರಗಳ ಫಿಲ್ಟರ್ ವರ್ಷ ಕಳೆದಂಗ, ತೇವ ಬಡದಂಗ ತಾನೇ ಬಣ್ಣಗೆಡ್ತದ. ಯಂತ್ರ ಓಡ್ತದ, ಅಂಕಿ ಕೊಡ್ತದ, ಅಂಕಿ ಮಾತ್ರ ಸುಳ್ಳು. ಅಂಥದ್ದು ಸಾವಿರ ರೂಪಾಯಿಗೆ ಸಿಕ್ರೂ ತಗೋಬ್ಯಾಡ್ರಿ. ಐ1 ಡಿಸ್‌ಪ್ಲೇ ಪ್ರೊ 2011ರಾಗ ಬಂದದ್ದು, ಅದರ ಫಿಲ್ಟರ್ ಗಾಜಿನದು, ಭಾಳ ವರ್ಷ ತಾಳ್ತದ. ಅದೂ ಅಲ್ಲದೆ ಪ್ರತಿ ಯಂತ್ರದ ಒಳಗ ಅದರದೇ ಕಣ್ಣಿನ ಗುಣ ಫ್ಯಾಕ್ಟರಿಯಾಗ ಅಳೆದು ಬರೆದಿಟ್ಟಿರ್ತಾರ. ಹಿಂಗಾಗಿ ಹೊಸ ಜಾತಿಯ ಸ್ಕ್ರೀನ್ ಬಂದ್ರ ಆ ಸ್ಕ್ರೀನಿನ ಬೆಳಕಿನ ಫೈಲ್ ಒಂದು ಹಾಕಿದ್ರ ಹೊಂದಿಕೊಳ್ತದ.

ಇನ್ನೊಂದು ನೋಡಬೇಕಾದದ್ದು ಸಾಫ್ಟ್‌ವೇರ್. ಕಂಪನಿಯವರು ಹಳೇ ಯಂತ್ರಕ್ಕ ಸಾಫ್ಟ್‌ವೇರ್ ಕೊಡೋದು ಬಿಟ್ರ ಯಂತ್ರ ಡಬ್ಬಿಗೆ. ಇಲ್ಲಿ ನಮ್ಮನ್ನ ಉಳಸೋದು ಡಿಸ್‌ಪ್ಲೇಕ್ಯಾಲ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್. ಫ್ಲೋರಿಯನ್ ಹೋಖ್ ಅನ್ನೋರು ಕಟ್ಟಿದ್ದು, ಒಳಗ ಓಡೋ ಎಂಜಿನ್ ಗ್ರೇಮ್ ಗಿಲ್ ಅವರ ಆರ್ಗಿಲ್ ಸಿಎಂಎಸ್. ಮೂಲ ಲೇಖಕರು ಮುಂದುವರಿಸೋದು ನಿಂತ ಮ್ಯಾಲ ಬ್ಯಾರೆ ಮಂದಿ ಸೇರಿ ಹೊಸ ಪೈಥಾನಿಗೆ ಒಗ್ಗಿಸ್ಯಾರ. ರೊಕ್ಕ ಕೇಳದೆ ಇಂಥ ಕೆಲಸ ಮಾಡೋರು ಜಗತ್ತಿನಾಗ ಇನ್ನೂ ಅದಾರ ನೋಡ್ರಿ.

ಬೆಂಗಳೂರಿನ ಒಬ್ಬ ಫೋಟೋಗ್ರಾಫರ್ ಕಡೆಯಿಂದ ಹಳೇ ಐ1 ಡಿಸ್‌ಪ್ಲೇ ಪ್ರೊ ₹7,500ಕ್ಕ ಸಿಕ್ತು. ರೊಕ್ಕ ಹಾಕೋಕಿಂತ ಮುಂಚೆ ವಿಡಿಯೋ ಕಾಲಿನಾಗ ಅವರ ಮಾನಿಟರ್ ಮ್ಯಾಲ ಓಡಿಸಿ ತೋರ್ಸು ಅಂದೆ. ತೋರಿಸಿದ್ರು.

ಅಬ್ಬಾನ ಒಪ್ಪಿಗಿ ಬ್ಯಾರೆ ಕಥಿ. ಮನಿಯಾಗ ನಮ್ಮ ಮಾತು ದಖನಿ, ಇಲ್ಲಿ ಕನ್ನಡದಾಗ ಬರೀತೀನಿ.

"ಏಳೂವರೆ ಸಾವಿರ ಕೊಟ್ಟು ಬಣ್ಣ ನೋಡೋ ಮಷಿನ್ ತರ್ತೀಯಾ? ಅಲ್ಲಾ ಕಣ್ಣು ಕೊಟ್ಟಿಲ್ಲೇನು?"

"ಅಬ್ಬಾ, ನೀವು ಟೇಪ್ ಇಲ್ದ ಬಟ್ಟಿಗೆ ಕತ್ತರಿ ಹಾಕ್ತೀರೇನು?"

"ಹಾಕ್ತೀನಿ. ಮೂವತ್ತು ವರ್ಷ ಆತು."

ಅಲ್ಲಿಗೆ ನನ್ನ ವಾದ ಮುಗೀತು. ಸ್ವಲ್ಪ ಹೊತ್ತು ಮಷಿನ್ ತುಳದು, ತಲಿ ಎತ್ತದೇ ಅಂದ್ರು: "ಮಂದಿ ಬಟ್ಟಿಗೆ ಮಾತ್ರ ಟೇಪ್ ಹಿಡೀತೀನಿ. ಆಮ್ಯಾಲ ಜಗಳ ಬಂದ್ರ ತೋರ್ಸಾಕ ಅಳತಿ ಪುಸ್ತಕ ಬೇಕಲ್ಲ."

ಅದೇ ಅಬ್ಬಾ, ಅದೇ!

ಲೆಕ್ಕ ಹೀಂಗ ಹಾಕಿದೆ. ₹7,500 ಅಂದ್ರ ಮೂರು ಆಲ್ಬಮಿನ ಕೂಲಿ ಮ್ಯಾಲ ಸ್ವಲ್ಪ. ಹೋದ ಸಲದಂಥ ಕಡಿತ ಎರಡೂವರೆ. ಐದು ವರ್ಷ ಓಡ್ತದ ಅಂತ ಹಿಡಿದು ಸ್ಟ್ರೇಟ್ ಲೈನ್ ಸವಕಳಿ ಹಾಕಿದ್ರ ವರ್ಷಕ್ಕ ₹1,500. ಒಂದು ವರ್ಷಕ್ಕ ಒಂದು ಜಗಳ ತಪ್ಪಿದ್ರೂ ಲಾಭ.

ಪೋಸ್ಟ್ 5

ಈಗ ಸೆಟಪ್. ಡಬ್ಬಿ ಒಡೆದ ಕೂಡ್ಲೇ ಸ್ಕ್ರೀನಿಗೆ ಹಚ್ಚೋದಲ್ಲ, ಮೊದಲು ಖೋಲಿ ನೋಡ್ರಿ.

ನನ್ನ ಖೋಲಿ ಗೋಡಿ ತೋತಾ ಹಸಿರು. ನಮ್ಮ ಗಲ್ಲಿಯಾಗ ಅರ್ಧ ಮನಿ ಹಸಿರು, ಇನ್ನರ್ಧ ನೀಲಿ, ನಿಮಗ ಗೊತ್ತೇ ಅದ. ಆ ಹಸಿರು ಬೆಳಕು ಸ್ಕ್ರೀನಿನ ಮ್ಯಾಲ ಬಿದ್ದು ವಾಪಸ್ ಕಣ್ಣಿಗೆ ಬರ್ತದ, ಮುಖದ ಬಣ್ಣದಾಗ ಕೆಂಪು ಕಮ್ಮಿ ಅನಸ್ತದ. ಗೋಡಿಗೆ ಬಣ್ಣ ಬಳಿಯೋದು ಈದ್ ಮುಂದ ಮಾತ್ರ. ಅದಕ್ಕ ಸ್ಟೇಷನರಿ ಅಂಗಡಿಯಿಂದ ಬೂದು ಬಣ್ಣದ ಚಾರ್ಟ್ ಪೇಪರ್ ನಾಲ್ಕು ತಂದು ಮಾನಿಟರ್ ಹಿಂದಿನ ಗೋಡಿಗೆ, ನನ್ನ ಬೆನ್ನ ಹಿಂದಿನ ಗೋಡಿಗೆ ಅಂಟಿಸಿದೆ. ಕಿಟಕಿಗೆ ದಪ್ಪ ಪರದೆ. ಹಳದಿ ಬಲ್ಬ್ ತೆಗೆದು ಬಿಳಿ ಎಲ್‌ಇಡಿ, ಅದೂ ಸ್ಕ್ರೀನಿಗೆ ನೇರ ಬೀಳದಂಗ. ಎಡಿಟ್ ಮಾಡಬೇಕಾದ್ರ ಕೆಂಪು ಟೀ-ಶರ್ಟ್ ಹಾಕಬ್ಯಾಡ್ರಿ. ನಗಬ್ಯಾಡ್ರಿ, ಅದೂ ಸ್ಕ್ರೀನಿನಾಗ ಬೀಳ್ತದ.

ಮಾನಿಟರ್ ಅರ್ಧ ತಾಸು ಮೊದಲೇ ಚಾಲೂ ಇರಬೇಕು. ಸುರುವಾದ ಕೂಡ್ಲೇ ಅದರ ಬೆಳಕು ನಿಂತಿರಂಗಿಲ್ಲ. ಆಮ್ಯಾಲ "ಜಾಣತನ" ಎಲ್ಲಾ ಬಂದ್ ಮಾಡಬೇಕು: ನೈಟ್ ಲೈಟ್, ಐ ಕೇರ್, ಡೈನಾಮಿಕ್ ಕಾಂಟ್ರಾಸ್ಟ್, ತಾನೇ ಬ್ರೈಟ್‌ನೆಸ್ ಬದಲಿಸೋದು, ಸಿನಿಮಾ ಮೋಡ್, ಗೇಮ್ ಮೋಡ್. ಇವುಗಳಾಗ ಒಂದು ಉಳಿದ್ರೂ ನೀವು ಅಳೆದದ್ದು ಒಂದು, ನಾಳೆ ಕಾಣೋದು ಇನ್ನೊಂದು. ಮಾನಿಟರ್ ಮೆನುವಿನಾಗ ಯೂಸರ್ ಅಥವಾ ಕಸ್ಟಮ್ ಮೋಡ್ ಆರಿಸಿದ್ರ ಕೆಂಪು, ಹಸಿರು, ನೀಲಿ ಮೂರೂ ಬ್ಯಾರೆ ಬ್ಯಾರೆ ತಿರುಗಿಸಾಕ ಬರ್ತದ.

ಸಾಫ್ಟ್‌ವೇರಿಗೆ ನಿಮ್ಮ ಮಾನಿಟರ್ ಯಾವ ಜಾತಿ ಅಂತ ಹೇಳಬೇಕು. ಸಾದಾ ಬಿಳಿ ಎಲ್‌ಇಡಿಯೋ, ವೈಡ್ ಗ್ಯಾಮಟ್ಟೋ, ಓಎಲ್‌ಇಡಿಯೋ ಅಂತ. ಇದನ್ನ ಬಿಟ್ರ ಉಳಿದ ಎಲ್ಲಾ ಶ್ರಮ ನೀರಾಗ ಹೋಮ. ನಂತರ ಗುರಿ ಕೊಡಬೇಕು. ನಾ ಕೊಟ್ಟದ್ದು ಬಿಳಿಗೆ ಡಿ65, ಬೆಳಕು 100 ಕ್ಯಾಂಡೆಲಾ, ಗಾಮಾ 2.2. ಸ್ಕ್ರೀನಿನ ಮ್ಯಾಲ ಮೂರು ಪಟ್ಟಿ ಕಾಣ್ತಾವ, ಮಾನಿಟರ್ ಬಟನ್ ಒತ್ತೊತ್ತಿ ಮೂರನ್ನೂ ನಡುವಿಗೆ ತರಬೇಕು. ನೀಲಿ ಇಳಿಸಿದ್ರ ಬೆಳಕೂ ಇಳೀತದ, ಬ್ರೈಟ್‌ನೆಸ್ ಏರಿಸಿದ್ರ ಮತ್ತೆ ಹಸಿರು ಸ್ವಲ್ಪ ಆಚೆ. ಇಪ್ಪತ್ತು ನಿಮಿಷ ಇದೇ ಆಟ. ಇಲ್ಲಿ ಅವಸರ ಮಾಡಬ್ಯಾಡ್ರಿ, ಬಟನ್ನಿನಿಂದ ಎಷ್ಟು ಸರಿ ಮಾಡ್ತೀರೋ ಸಾಫ್ಟ್‌ವೇರಿಗೆ ಅಷ್ಟು ಕಮ್ಮಿ ಕೆಲಸ ಉಳೀತದ, ಬಣ್ಣದ ಮೆಟ್ಟಲು ಹರಿಯಂಗಿಲ್ಲ.

ಇಷ್ಟಾದ ಮ್ಯಾಲ ನಿಮ್ಮ ಕೆಲಸ ಇಲ್ಲ. ಸ್ಕ್ರೀನಿನಾಗ ಒಂದಾದ ಮ್ಯಾಲ ಒಂದು ಬಣ್ಣದ ಚೌಕ ಬರ್ತದ, ಯಂತ್ರ ಓದ್ತದ. ಬೂದು, ಕಡುಗೆಂಪು, ಎಲಿ ಹಸಿರು, ಮತ್ತೆ ಬೂದು. ಮುಕ್ಕಾಲು ಭಾಗ ಮುಗಿದಿತ್ತು, ಕರೆಂಟ್ ಹೋಯ್ತು. ಮ್ಯಾಲಿನಿಂದ ಕೆಳಗಿನ ತನಕ ಎಲ್ಲಾ ಮತ್ತೆ. ಎರಡನೇ ಸಲ ರಾತ್ರಿ ಒಂದು ಗಂಟೆಗೆ ಸುರು ಮಾಡಿ ಫಜ್ರ್ ಅಜಾನ್ ತನಕ ಕೂತು ಎರಡು ಸಲ ಓಡಿಸಿದೆ.

ಕಡೀಗೆ ಸಿಗೋದು ಒಂದು ಸಣ್ಣ ಫೈಲ್, ಐಸಿಸಿ ಪ್ರೊಫೈಲ್ ಅಂತಾರ. "ಈ ಸ್ಕ್ರೀನಿನ ಕೆಂಪು ಅಂದ್ರ ಇಂಥ ಕೆಂಪು" ಅಂತ ಬರೆದ ಜಾತಕ ಅದು. ಫೋಟೋಶಾಪ್ ಅದನ್ನ ಓದಿ ಬಣ್ಣ ಹೊಂದಿಸಿ ತೋರ್ಸತದ. ಎಲ್ಲಾ ಆ್ಯಪ್ ಓದಂಗಿಲ್ಲ, ಅದಕ್ಕ ಒಂದೇ ಫೋಟೋ ಫೋಟೋಶಾಪಿನಾಗ ಒಂದು ನಮೂನಿ, ಬ್ಯಾರೆ ಕಡಿ ಒಂದು ನಮೂನಿ ಕಂಡ್ರ ಗಾಬರಿ ಬ್ಯಾಡ.

ನನ್ನ ಅಂಕಿ ಕೇಳಿದ್ರಲ್ಲ, ತಗೋಳ್ರಿ. ಮೊದಲು ಬೆಳಕು 243, ಈಗ 100. ಮೊದಲು 7400 ಕೆಲ್ವಿನ್, ಈಗ 6520. ಬಣ್ಣದ ಫರಕನ್ನ ಡೆಲ್ಟಾ ಇ ಅನ್ನೋ ಅಂಕಿಯೊಳಗ ಹೇಳ್ತಾರ, 1ರ ಆಸುಪಾಸು ಇದ್ರ ಕಣ್ಣಿಗೆ ಗೊತ್ತಾಗೋದು ಕಷ್ಟ. ಸರಾಸರಿ 5.6 ಇದ್ದದ್ದು 0.8ಕ್ಕ ಬಂತು.

ಮುಂಜಾನೆ ಆಪಾ ಚಹಾ ತಂದಾಕಿ ಸ್ಕ್ರೀನ್ ನೋಡಿ ಅಂದ್ಲು: "ಏನೋ ಇದು, ನಿನ್ನ ಟಿವಿಗೆ ಕಾಮಾಲಿ ಆಗೇದೇನು?" ಖರೇನೇ, ಮೊದಲ ದಿನ ಹಳದಿ ಮಂಕು ಅನಸ್ತದ. ಮೂರು ದಿನ ತಡೀರಿ. ನಾಲ್ಕನೇ ದಿನ ಬ್ಯಾರೆಯವರ ಸ್ಕ್ರೀನ್ ನೋಡಿದ್ರ ಅದೇ ನೀಲಿ ಕಾಣ್ತದ.

ಪೋಸ್ಟ್ 6

ಅಂಕಿ ಎಷ್ಟೇ ಛಲೋ ಬರ್ಲಿ, ಕಣ್ಣಿಗೆ ಒಂದು ಸಾಕ್ಷಿ ಬೇಕಾಗಿತ್ತು. ಕಮಲಾಪುರದಿಂದ ಬರೋ ನಮ್ಮ ಕ್ಲಾಸಿನ ಹುಡುಗಗ ಹೇಳಿ ಅವರ ಊರಿನ ಕೆಂಪು ಬಾಳಿಹಣ್ಣು ತರಿಸಿದೆ. ಹುಮನಾಬಾದ್ ರಸ್ತಿಯಾಗ ಹೋಗೋರು ಬುಟ್ಟಿಯಾಗ ಇಟ್ಟು ಮಾರೋದು ನೋಡೇ ಇರ್ತೀರಿ. ಭೌಗೋಳಿಕ ಗುರುತು, ಅಂದ್ರ ಜಿಐ ಟ್ಯಾಗ್ ಸಿಕ್ಕ ನಮ್ಮ ಜಿಲ್ಲೆಯ ಹಣ್ಣು. ಅದರ ಸಿಪ್ಪಿ ಬಣ್ಣ ಸರಳ ಅಲ್ಲ. ಕೆಂಪು ಅಂದ್ರ ಕೆಂಪಲ್ಲ, ಅದರಾಗ ಸ್ವಲ್ಪ ಇಟ್ಟಂಗಿ, ಸ್ವಲ್ಪ ನೇರಳೆ, ತುದಿಯಾಗ ಹಳದಿ. ಹಗಲು ಮಾಳಗಿ ಮ್ಯಾಲ ಫೋಟೋ ತೆಗೆದು, ಕ್ಯಾಮೆರಾಗೆ ಬಿಳಿ ಹೇಳಿಕೊಡಾಕ ಪಕ್ಕದಾಗ ಒಂದು ಬೂದು ಕಾರ್ಡ್ ಇಟ್ಟೆ. ಫೋಟೋ ಸ್ಕ್ರೀನಿನಾಗ, ಹಣ್ಣು ಕೈಯಾಗ. ಹಳೇ ಸೆಟ್ಟಿಂಗಿನಾಗ ಹಣ್ಣು ಬದನಿಕಾಯಿ ಆಗಿತ್ತು. ಪ್ರೊಫೈಲ್ ಹಾಕಿದ ಕೂಡ್ಲೇ ಇಟ್ಟಂಗಿ ಕೆಂಪು ವಾಪಸ್ ಬಂತು. ಸ್ಲೈಡ್ 2, 3 ನೋಡ್ರಿ. ನಿಮ್ಮ ಮೊಬೈಲಿನಾಗ ಹೆಂಗ ಕಾಣ್ತದೋ ನನಗ ಗೊತ್ತಿಲ್ಲ, ಆ ಮಾತು ಮುಂದಿನ ಪೋಸ್ಟಿನಾಗ. ಹಣ್ಣು ಆಪಾ ತಿಂದ್ಲು.

ಖರೇ ಹೇಳಬೇಕಾದದ್ದು ಇದು. ಹಣ್ಣಿನ ಮಾತು ಮುಗಿಸಿ ಒಂದು ಹಳೇ ಆಲ್ಬಮಿನ ಫೈಲ್ ತೆರೆದೆ. ನಮ್ಮ ಖಾಲಾ ಮಗಳ ನಿಕಾಹ್ ಫೋಟೋ, ಬ್ಯಾರೆ ಕಡಿ ಎಡಿಟ್ ಆಗಿ ಬಂದದ್ದು. ಆಲ್ಬಮ್ ಬಂದ ದಿನ ಆಕಿ ನಗುತ್ತಲೇ ಒಂದು ಮಾತು ಕೇಳಿದ್ಲು: "ಕೈ ನನ್ನದೇ, ಮೆಹೆಂದಿ ನನ್ನದೇ, ಮುಖ ಯಾರದು?" ಆವತ್ತು ಎಲ್ಲರೂ ನಕ್ಕೀವಿ.

ಸರಿಯಾದ ಸ್ಕ್ರೀನಿನಾಗ ನೋಡಿದ್ರ ನಗು ಬರಲಿಲ್ಲ. ಮುಖ ಸುಣ್ಣ, ಕುತ್ತಿಗಿ ಗೋದಿ, ಕೈ ಕಂದು. ಒಂದೇ ಮನುಷ್ಯಾಳ ಮೂರು ಬಣ್ಣ, ಗಡಿ ರೇಖೆ ಹಾಕಿದಂಗ. ಅದೇ ಫೈಲ್ ನೀಲಿ ವಾಲಿದ, ಢಾಳ ಬೆಳಕಿನ ಸ್ಕ್ರೀನಿಗೆ ಹಾಕಿ ನೋಡಿದೆ. ಅಲ್ಲಿ ಫರಕು ಕಮ್ಮಿ ಕಾಣ್ತದ. ಎಡಿಟ್ ಮಾಡಿದವರಿಗೆ ಅದು ಕಂಡಿರಲಿಕ್ಕೇ ಇಲ್ಲ. ಇನ್ನೊಂದು ಸಂಗತಿನೂ ತಿಳೀತು. ನೀಲಿ ಬಿಳಿಯ ಸ್ಕ್ರೀನಿನಾಗ ನಮ್ಮಂಥ ಕಂದು ಚರ್ಮ ಬೂದಿ ಬಡದಂಗ ಕಾಣ್ತದ, ಸತ್ತಂಗ. ಕೈ ತಾನೇ "ಬೆಳ್ಳಗ ಮಾಡು" ಅನ್ನೋ ಬಟನಿಗೆ ಹೋಗ್ತದ. ಡಿ65ಕ್ಕ ತಂದ ಮ್ಯಾಲ ಅದೇ ಚರ್ಮದಾಗ ರಕ್ತ ಕಾಣ್ತದ, ಅರಿಶಿಣ ಹಚ್ಚಿದ ಹೊಳಪು ಕಾಣ್ತದ. ಬೆಳ್ಳಗ ಮಾಡೋ ಜರೂರತ್ತೇ ಅನಸಂಗಿಲ್ಲ.

ಎಲ್ಲಾ ಸ್ಕ್ರೀನಿನ ಮ್ಯಾಲ ಹಾಕಿ ಕೈ ತೊಳಕೊಳ್ಳೋದಲ್ಲ. "ಹುಡುಗಿನ್ನ ಸ್ವಲ್ಪ ಬೆಳ್ಳಗ ಮಾಡ್ರಿ" ಅಂತ ಹೇಳಿ ಹೋಗೋರು ನಾವೇ, ನಮ್ಮ ಮನಿಯವರೇ. ಆದ್ರ ಯಂತ್ರಗಳ ಪಾಲು ಇದರಾಗ ಹಳೇದು. ರೀಲಿನ ಕಾಲದಾಗ, 1950ರ ದಶಕದಿಂದ, ಕೋಡಾಕ್ ಕಂಪನಿ ಪ್ರಿಂಟಿಂಗ್ ಲ್ಯಾಬುಗಳಿಗೆ ಒಂದು ಮಾದರಿ ಫೋಟೋ ಕಳಸ್ತಿತ್ತು, ಶರ್ಲಿ ಕಾರ್ಡ್ ಅಂತಿದ್ರು. ಅದರಾಗ ಬಿಳಿ ಚರ್ಮದ ಹೆಣ್ಣುಮಗಳು. ಆಕಿ ಮುಖ ಸರಿ ಬಂದ್ರ ಮಷಿನ್ ಸರಿ ಅಂತ ಲೆಕ್ಕ. ಬ್ಯಾರೆ ಬಣ್ಣದವರ ಮುಖ ಸರಿ ಬಂತೋ ಇಲ್ಲೋ ಯಾರೂ ನೋಡ್ತಿರಲಿಲ್ಲ. ಕಲ್ಲಿಗೆ ಮುದ್ರೆ ಒತ್ತಿದವರು ಯಾರು ಅಂತನೂ ಕೇಳಬೇಕಾಗತದ ಅಂತ ಇದನ್ನ ಓದಿದಾಗ ಅನಿಸ್ತು.

ಈಗ ನಾ ಹೊಸ ಕೆಲಸ ತಗೊಳ್ಳಬೇಕಾದ್ರ ಒಂದು ಮಾತು ಮೊದಲೇ ಹೇಳ್ತೀನಿ: ಮುಖ, ಕುತ್ತಿಗಿ, ಕೈ ಒಂದೇ ಬಣ್ಣ ಇರ್ತಾವ, ಬೆಳಕು ಸರಿ ಮಾಡ್ತೀನಿ, ಬಣ್ಣ ಬದಲಿಸಂಗಿಲ್ಲ. ಒಬ್ಬ ಮಾಲಕರು ಇದಕ್ಕ ಕೆಲಸ ಕೊಡೋದು ಬಿಟ್ರು. ತಿಂಗಳಿಗೆ ಒಂದು ಆಲ್ಬಮ್, ₹2,400 ಹೋಯ್ತು. ಇನ್ನೊಬ್ಬರು ಮಾದರಿ ಪ್ರಿಂಟ್ ನೋಡಿ, "ಹಿಂಗೇ ಮಾಡಪಾ, ಗಿರಾಕಿ ಕೇಳಿದ್ರ ನಾ ಹೇಳ್ತೀನಿ" ಅಂದ್ರು. ಇಬ್ಬರಾಗ ಯಾರ ಲೆಕ್ಕ ಮುಂದ ಬೆಳೀತದೋ ನೋಡಬೇಕು.

ಪೋಸ್ಟ್ 7

ಈ ಯಂತ್ರದಿಂದ ಆಗಲಾರದ್ದು ಏನು ಅಂತನೂ ಹೇಳಬೇಕು, ಇಲ್ಲಂದ್ರ ಜಾಹೀರಾತು ಆಗತದ.

ನಿಮ್ಮ ಮೊಬೈಲ್ ನನ್ನ ಕೈಯಾಗಿಲ್ಲ. ಇಲ್ಲಿ ಹಾಕಿದ ಫೋಟೋ ನೀವು ಬಸ್ಸಿನಾಗ, ಬಿಸಲಾಗ, ಐ ಕೇರ್ ಹಾಕಿ, ಒಡೆದ ಗ್ಲಾಸಿನಾಗ ನೋಡ್ತೀರಿ. ಸೀರಿ ಮಾರೋ ಅಕ್ಕಗಳೇ, ನೀವು ಮಾನಿಟರ್ ಸರಿ ಮಾಡಿದ್ರೂ ಗಿರಾಕಿ ಮೊಬೈಲಿನಾಗ ಬಣ್ಣ ಬದಲಾಗತದ. ಹಗಲು ಬೆಳಕಿನಾಗ ಫೋಟೋ ತೆಗೀರಿ, ಬಣ್ಣದ ಹೆಸರು ಬಾಯಿಂದ ಬರೀರಿ, "ಕಮಲಾಪುರ ಬಾಳಿಹಣ್ಣಿನ ಕೆಂಪು" ಅಂತ ಬರೆದ್ರ ನಮ್ಮ ಜಿಲ್ಲೆಯವರಿಗೆ ಯಾವ ಪ್ರೊಫೈಲೂ ಬೇಡ.

ಅಗ್ಗದ ಲ್ಯಾಪ್‌ಟಾಪಿಗೂ ಇದು ಪವಾಡ ಮಾಡಂಗಿಲ್ಲ. ಎಷ್ಟೋ ಲ್ಯಾಪ್‌ಟಾಪಿನ ಸ್ಪೆಸಿಫಿಕೇಷನ್‌ದಾಗ 45 ಶೇಕಡಾ ಎನ್‌ಟಿಎಸ್‌ಸಿ ಅಂತ ಬರೆದಿರ್ತದ. ಪೂರಾ ಎಸ್‌ಆರ್‌ಜಿಬಿ ತೋರ್ಸಬೇಕಾದ್ರ ಅದೇ ಲೆಕ್ಕದಾಗ ಸುಮಾರು 72 ಬೇಕು. ಮದುವಿ ಸೀರಿಯ ಕಡುಗೆಂಪು ಆ ಸ್ಕ್ರೀನಿನಾಗ ಹುಟ್ಟೋದೇ ಇಲ್ಲ. ಇಲ್ಲದ ಬಣ್ಣನ್ನ ಅಳೆದು ಏನು ಮಾಡ್ತೀರಿ? ಅಂಥವರು ಯಂತ್ರದ ರೊಕ್ಕಕ್ಕ ಒಂದು ಹಳೇ ಐಪಿಎಸ್ ಮಾನಿಟರ್ ತಗೋಳ್ರಿ ಮೊದಲು.

ಪ್ರಿಂಟ್ ಸ್ಕ್ರೀನಿನಷ್ಟು ಯಾವತ್ತೂ ಹೊಳಿಯಂಗಿಲ್ಲ, ಅದನ್ನೂ ಒಪ್ಪಬೇಕು. ಕಾಲೇಜ್ ಗ್ಯಾದರಿಂಗಿಗೆ ನಾವು ಹೋಗೋ ಪಂಡಿತ ರಂಗಮಂದಿರ ಅದನಲ್ಲ, ಆ ಹೆಸರಿನ ಡಾ. ಎಸ್.ಎಂ. ಪಂಡಿತರು, 1916ರಾಗ ಇದೇ ಊರಿನಾಗ ಹುಟ್ಟಿದವರು, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಗೊತ್ತಾದವರು. ಮೂಲ ಚಿತ್ರ ನೋಡಿದವರು ಎಷ್ಟು ಮಂದಿ? ಉಳಿದವರೆಲ್ಲ ನೋಡಿದ್ದು ಪ್ರೆಸ್ಸಿನಾಗ ನಾಲ್ಕು ಮಸಿಯಿಂದ ಮೂಡಿದ, ಅಡಗಿ ಮನಿ ಹೊಗಿ ಬಡದ ಕ್ಯಾಲೆಂಡರ್. ಎರಡರ ನಡುವ ದಾರಿಯಾಗ ಬಣ್ಣ ಕಳೀತಿತ್ತು. ಪ್ರೆಸ್ಸಿನವರ ಕಣ್ಣೇ ಆಗ ಕಲರಿಮೀಟರ್. ಆ ಕಣ್ಣು ನನಗಿಲ್ಲ, ಅಬ್ಬಾನಂಗ ಮೂವತ್ತು ವರ್ಷನೂ ಆಗಿಲ್ಲ.

ಹಳೇ ಜಗಳದಾಗ ಯಾರು ಸರಿ ಅಂತ ಈಗ ಹೇಳಾಕ ಬರಂಗಿಲ್ಲ. ಆವತ್ತಿನ ಅಳತಿ ಯಾರ ಕಡಿನೂ ಇಲ್ಲ, ₹3,000 ವಾಪಸ್ ಬರಂಗಿಲ್ಲ. ಆದ್ರ ಹೋದ ತಿಂಗಳು ಮತ್ತೊಂದು ಆಲ್ಬಮ್ ಹಸಿರು ಛಾಯೆಯಿಂದ ಬಂತು. ಈ ಸಲ ನನ್ನ ಕಡಿ ಅಳತಿ ರಿಪೋರ್ಟ್ ಇತ್ತು, ಮೊದಲೇ ತರಿಸಿದ ಒಂದು ಮಾದರಿ ಪ್ರಿಂಟ್ ಇತ್ತು, ಅದು ಸ್ಕ್ರೀನಿಗೆ ಹೊಂದ್ತಿತ್ತು. ಮೂರನ್ನೂ ಫೋಟೋ ಹೊಡದು ಕಳಸಿದೆ. ಲ್ಯಾಬಿನಿಂದ ಫೋನ್ ಬಂತು. ಮೊದಲ ಸಲ ಯಾರೋ ನನಗ ಕೇಳಿದ್ರು: "ಸ್ಕ್ರೀನ್ ಎಷ್ಟಕ್ಕ ಇಟ್ಟೀರಿ?" ನೂರು ಅಂದೆ. ಹನ್ನೆರಡು ಶೀಟ್ ಪುಕ್ಕಟೆ ಮತ್ತೆ ಹೊಡದು ಕಳಸಿದ್ರು.

ಈಗ ಕೆಲಸದ ಮಾತು. ಈ ಯಂತ್ರ ತಿಂಗಳಾಗ ಎರಡು ತಾಸು ದುಡೀತದ, ಉಳಿದ ದಿನ ಡಬ್ಬಿಯಾಗ ಮಲಗ್ತದ. ಸ್ಕ್ರೀನ್ ಕಾಲ ಕಳೆದಂಗ ಜಾರ್ತದ, ತಿಂಗಳಿಗೆ ಅಥವಾ ಎರಡು ತಿಂಗಳಿಗೊಮ್ಮೆ ಮತ್ತೆ ಅಳೀಬೇಕು. ಅದಕ್ಕ ಊರಾಗ ಎಡಿಟಿಂಗ್ ಮಾಡೋ ಹುಡುಗ-ಹುಡುಗಿಯರು ನಾಲ್ಕೈದು ಮಂದಿ ಸೇರಿದ್ರ ಎಲ್ಲರಿಗೂ ಇದೊಂದೇ ಸಾಕು. ಸ್ಕ್ರೀನಿಗೆ ₹150, ನಿಮ್ಮ ಮನಿಗೆ ಬಂದು ಮಾಡಿ ಕೊಡ್ತೀನಿ, ರಿಪೋರ್ಟ್ ಫೈಲ್ ನಿಮ್ಮ ಕಡಿ ಇರ್ತದ. ಕ್ಲಾಸ್‌ಮೇಟ್‌ಗಳಿಗೆ ₹100 ಮತ್ತು ಒಂದು ಚಹಾ. ಹೊರಗ ಒಯ್ದು ಕೊಡಂಗಿಲ್ಲ, ಕೇಳಬ್ಯಾಡ್ರಿ. ಬರೋ ಅರ್ಧ ತಾಸು ಮೊದಲು ಫೋನ್ ಮಾಡ್ತೀನಿ, ಆಗಲೇ ಮಾನಿಟರ್ ಚಾಲೂ ಮಾಡಿಟ್ಟಿರ್ರಿ. ಶುಕ್ರವಾರ ಮಧ್ಯಾಹ್ನ ಮತ್ತು ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ ಇರೋ ವಾರ ಬಿಟ್ಟು ಯಾವಾಗರೆ ಮೆಸೇಜ್ ಹಾಕ್ರಿ.

#ಮೋಮಿನಪುರ #ಕಲಬುರಗಿ #ಆಲ್ಬಮ್‌ಡಿಸೈನ್ #ಕಮಲಾಪುರಕೆಂಪುಬಾಳೆ